ಎರಡನೇ ಡಾಕ್ಟರಿಗೆ ಹೇಳದ ಮಾತು

ನಮ್ಮ ಮನೆಯವರಿಗೆ, ಅಂದರೆ ಪಂಪಾಪತಿಯವರಿಗೆ, ತಮ್ಮ ನೆರಳಿನ ಮೇಲೂ ಅನುಮಾನ. ಗಂಗಾವತಿಯಲ್ಲಿ ಭತ್ತದ ದಲಾಲಿ ಮಾಡಿ ಮಾಡಿ ಬಂದ ಗುಣ. ಒಂದೇ ನೆಲ್ಲನ್ನು ಎರಡು ಮಿಲ್ಲಿಗೆ ತೋರಿಸುತ್ತಾರೆ. ಮೊದಲನೆಯವನು ಹೇಳಿದ ದರವನ್ನು ಎರಡನೆಯವನ ಮುಂದೆ ಬಾಯಿ ಬಿಡುವುದಿಲ್ಲ. ವ್ಯಾಪಾರದಲ್ಲಿ ಅದು ಜಾಣತನವೇ, ನಾನೇನೂ ಅಲ್ಲಗಳೆಯುವುದಿಲ್ಲ.

ಅತ್ತೆ ದುರಗಮ್ಮನ ಎದೆಬಡಿತ ತಾಳ ತಪ್ಪಿದೆ. ಹೃದಯದಲ್ಲಿ ರಕ್ತ ಹೆಪ್ಪುಗಟ್ಟಿ ಮೆದುಳಿಗೆ ಹೋದರೆ ಲಕ್ವ ಹೊಡೆಯುತ್ತದೆಂದು ರಕ್ತ ತೆಳುವಾಗುವ ಗುಳಿಗೆ ಕೊಟ್ಟಿದ್ದರು. ಅದನ್ನು ನುಂಗಿ ಎರಡು ಸಲ ಹೊಟ್ಟೆಯೊಳಗೆ ರಕ್ತ ಸೋರಿ, ಅತ್ತೆ ಸಾವಿನ ಬಾಯಿಂದ ಬಂದರು. ಈ ಗುಳಿಗೆ ಇನ್ನು ಬೇಡ, ರಕ್ತ ಹೆಪ್ಪುಗಟ್ಟುವುದು ಹೆಚ್ಚಾಗಿ ಹೃದಯದ ಒಂದು ಸಣ್ಣ ಚೀಲದಲ್ಲಿ, ತೊಡೆಯಿಂದ ನಳಿಕೆ ತೂರಿಸಿ ಅದರ ಬಾಯಿ ಮುಚ್ಚಬಹುದು, ಹುಬ್ಬಳ್ಳಿಗೆ ಹೋಗಿ ಎಂದರು ಇಲ್ಲಿನ ಡಾಕ್ಟರು.

"ನಿನ್ನಿತನಾ ಗುಳಿಗಿ ಬಿಟ್ರ ಸಾಯ್ತಾಳ ಅಂದ. ಇವತ್ತ ನುಂಗಿದ್ರ ಸಾಯ್ತಾಳ ಅಂತಾನ. ಇದ್ರಾಗ ಏನೋ ಐತಿ," ಎಂದರು ಇವರು.

ಮರುದಿನವೇ ಅತ್ತೆಯನ್ನು ಕೊಪ್ಪಳದ ಇನ್ನೊಬ್ಬ ಡಾಕ್ಟರಿಗೆ ತೋರಿಸಿಕೊಂಡು ಬಂದರು. ಮುಖ ಅರಳಿತ್ತು.

"ನೋಡಿದೇನ ಸುರೇಖಾ? ಬರೇ ಗುಳಿಗಿ ಸಾಕಂತ!"

ಗುಳಿಗೆಯ ಪಟ್ಟಿ ಇಸಿದುಕೊಂಡು ಹೆಸರು ಓದಿದೆ. ಅದೇ ಹಳೆಯ ಗುಳಿಗೆ.

"ಹೊಟ್ಟ್ಯಾಗ ರಕ್ತ ಸೋರಿದ್ದು ಹೇಳಿದ್ರಿಲ್ಲೋ?"

"ಅವರು ಕೇಳಿದ್ರು. ಇಲ್ಲ ಅಂದೆ. ಹೇಳಿದ್ರ ಅವರೂ ಮೊದಲಿನವನ ರಾಗಾನ ಹಾಡ್ತಿದ್ರು."

"ಅವ್ವನ ಎದಿ ಏನ್ ನೆಲ್ಲಿನ ಚೀಲೇನ್ರಿ, ಇಬ್ಬರಿಗೆ ತೋರಿಸಿ ಮಜಾ ನೋಡಾಕ?" ಸಿಟ್ಟಿನಲ್ಲಿ ನನ್ನ ದನಿ ಬೀದಿಗೆ ಕೇಳಿಸಿರಬೇಕು.

"ನಿನಗೂ ಆ ಡಾಕ್ಟರ ತಲಿ ತುಂಬ್ಯಾನ," ಎಂದು ನನ್ನ ಮೇಲೂ ಅನುಮಾನ ಪಟ್ಟರು.

ಅತ್ತೆ ಒಂದು ಗುಳಿಗೆ ಬಿಡಿಸಿ ಮಗನ ಅಂಗೈಯಲ್ಲಿಟ್ಟು ಎದುರಿಗೆ ಕುಳಿತರು.

"ನಿನಗ ಖಾತ್ರಿ ಐತಲ್ಲಪಾ? ನಿನ್ನ ಕೈಯಾರೆ ಹಾಕು. ನುಂಗ್ತೀನಿ." ಅತ್ತೆ ಬಾಯಿ ತೆರೆದರು.

ಇವರ ಕೈ ಅರ್ಧಕ್ಕೆ ಬಂದು ನಿಂತಿತು. ಅತ್ತೆ ಬಾಯಿ ಮುಚ್ಚಲಿಲ್ಲ. ಕಡೆಗೆ ಇವರು ಕೈ ಕೆಳಗಿಳಿಸಿ, ಸಣ್ಣ ಹುಡುಗನ ಹಾಗೆ ಬಿಕ್ಕಿದರು.

"ಹುಬ್ಬಳ್ಳ್ಯಾಗೂ ಹೆಚ್ಚು ಕಡಿಮಿ ಆದ್ರ ಏನ್ ಮಾಡೂಣಬೇ ಯವ್ವಾ?"

"ಆದ್ರ ಆತು. ಅಲ್ಲಿ ಮಾತ್ರ ಖರೇ ಹೇಳು," ಎಂದರು ಅತ್ತೆ. "ಸುಳ್ಳ ಹೇಳಿ ನನ್ನ ಕೊಲ್ಲಬ್ಯಾಡ."