ತುಂಬಿದ ಗಲ್ಲ

ನೀಲಾಬಾಯಿಯ ಎರಡೂ ಅಂಗೈ ಗಲ್ಲದ ಹತ್ತಿರ ಬಂದದ್ದೇ ತಡ, ರಾಜೇಶ್ವರಿ ಗಕ್ಕನೆ ಹಿಂದೆ ಸರಿದು ಬಾಗಿಲ ಚೌಕಟ್ಟಿಗೆ ತಲೆ ಬಡಿಸಿಕೊಂಡಳು. ತವರಿಗೆ ಬಂದ ಮಗಳ ಮುಖ ಸವರಿ, ಆ ಬೆರಳುಗಳನ್ನು ತನ್ನ ಹಣೆಯ ಎರಡೂ ಪಕ್ಕ ಒತ್ತಿ, ಲಟಲಟನೆ ನೆಟಿಗೆ ಮುರಿದು ದೃಷ್ಟಿ ತೆಗೆಯುವುದು ಮುದುಕಿ ಇಪ್ಪತ್ತು ವರ್ಷದಿಂದ ತಪ್ಪಿಸದ ಕೆಲಸ. ಇವತ್ತು ಆಕೆಯ ಕೈಗಳು ಗಾಳಿಯಲ್ಲೇ ನಿಂತವು.

ರಾಜೇಶ್ವರಿಯ ತಲೆಯ ಮೇಲಿನ ಸೆರಗು ಜಾರಿತು. ಹೊನವಾಡದ ಆ ಮನೆಯ ಪಡಸಾಲೆಯಲ್ಲಿ ಬಸುರಿ ಸೊಸೆಯ ಕುಬಸಕ್ಕೆಂದು ಕೂಡಿದ್ದ ಹೆಂಗಸರಿಗೆಲ್ಲ ಅವಳ ಮುಖ ಕಂಡಿತು. ಎಡಗಣ್ಣಿನ ಕೆಳಗೆ ನೇರಳೆ ಹಣ್ಣಿನ ಬಣ್ಣ; ಎರಡೂ ಗಲ್ಲ ಕಣಜ ಕಚ್ಚಿದಂತೆ ಬಾತಿದ್ದವು. ನೋಡಿದವರ ಕಣ್ಣು ಅವಳ ಮೇಲಿಂದ ಹಾದು, ಹಿಂದೆ ಬಾಳೆಹಣ್ಣಿನ ಚೀಲ ಹಿಡಿದು ನಿಂತಿದ್ದ ಗಂಡ ಸತೀಶಕುಮಾರನ ಮೇಲೆ ನಿಂತವು.

“ಯಾಕ ಬೇ ಯವ್ವಾ, ಏನಾತು ಇದು?” ಎಂದಳು ನೀಲಾಬಾಯಿ.

“ಬಚ್ಚಲದಾಗ ಜಾರಿ ಬಿದ್ನಿ.”

“ಜಾರಿ ಬಿದ್ರ ಎರಡೂ ಗಲ್ಲ ಬಾಯ್ತಾವೇನು?” ಎಂದಳು ಪಕ್ಕದ ಮನೆಯ ಕಾಶಿಬಾಯಿ. ಇಂಥ ಬಚ್ಚಲುಗಳನ್ನು ಆಕೆ ತನ್ನ ಆಯುಷ್ಯದಲ್ಲಿ ಬೇಕಾದಷ್ಟು ಕಂಡಿದ್ದಳು.

ವಿಜಯಪುರದ ಸಿದ್ಧೇಶ್ವರ ಗುಡಿಯ ಹತ್ತಿರ ಸತೀಶಕುಮಾರನದು ಪಾತ್ರೆ ಅಂಗಡಿ. ಗಿರಾಕಿ ದನಿ ಎತ್ತಿದರೆ ಸಾಕು, ಬೆಲೆ ಇಳಿಸುವ ಆಸಾಮಿ. ಅವನ ಕೈಯಲ್ಲಿ ಒಂದು ಸೊಳ್ಳೆ ಸತ್ತದ್ದನ್ನೂ ಕಂಡವರಿಲ್ಲ. ಅವನು ಮಾಡಿದ ತಪ್ಪು ಒಂದೇ, ನಕ್ಕದ್ದು. ಎರಡು ತಿಂಗಳ ಹಿಂದೆ ಬಬಲೇಶ್ವರದ ಒಂದು ಮದುವೆಯಲ್ಲಿ ಬಳೆಗಾರ, “ಸಾವ್ಕಾರ್ರ, ನಿಮ್ಮ ಅಕ್ಕಾರಿಗೂ ಒಂದು ಡಜನ್ ಇಡಸ್ರಿ” ಎಂದು ರಾಜೇಶ್ವರಿಯ ಕೈ ಹಿಡಿದಿದ್ದ. ಟೈಫಾಯ್ಡ್ ಬಂದು ಹೋದ ಮೇಲೆ ಅವಳ ಗಲ್ಲ ಒಳಸೇರಿ, ಕಣ್ಣ ಕೆಳಗೆ ತಗ್ಗು ಬಿದ್ದಿತ್ತು. ಸುತ್ತ ಇದ್ದವರೆಲ್ಲ ನಕ್ಕರು, ಅವರ ಜೊತೆ ಇವನೂ ನಕ್ಕ. ಅಷ್ಟು ಮಂದಿಯಲ್ಲಿ ಅವಳು ನೋಡಿದ್ದು ಇವನೊಬ್ಬನ ನಗೆಯನ್ನೇ.

ತಮ್ಮನ ಹೆಂಡತಿಯ ಕುಬಸಕ್ಕೆ ದಿನ ಗೊತ್ತಾದದ್ದೇ ಅವಳು ಲೆಕ್ಕ ಹಾಕಿದಳು. ಐದು ದಿನ ಮೊದಲು, ಊರಲ್ಲಿ ಹೊಸದಾಗಿ ತೆರೆದ ಕ್ಲಿನಿಕ್ಕಿಗೆ ಹೋಗಿ ಗಲ್ಲ ತುಂಬುವ ಸೂಜಿ ಹಾಕಿಸಿಕೊಂಡು ಬಂದಳು. ಎರಡು ದಿನ ಬಾವು ಇರುತ್ತದೆ, ಮುಖ ಒತ್ತಬೇಡಿ, ತಿಕ್ಕಬೇಡಿ ಎಂದಿದ್ದರಂತೆ. ಮೂರನೆಯ ದಿನ ಬಾವು ಇಳಿಯುವ ಬದಲು ಏರಿತು. ಸತೀಶಕುಮಾರ ಗಾಬರಿಯಾಗಿ ಫೋನ್ ಮಾಡಿದರೆ, “ಕೆಲವರಿಗೆ ಹಿಂಗ ಆಗ್ತದ್ರಿ. ಐಸ್ ಇಡ್ರಿ, ಹತ್ತು ಹದಿನೈದು ದಿನ ತಡೀರಿ” ಎಂಬ ಉತ್ತರ ಬಂತು. ಕುಬಸ ಹದಿನೈದು ದಿನ ತಡೆಯುತ್ತದೆಯೇ? ಬಸುರಿಗೆ ಮೊದಲ ಆರತಿ ಅವಳ ಗಂಡನ ಅಕ್ಕನದೇ ಆಗಬೇಕು. ಹೊರಡುವ ಮುಂಚೆ ರಾಜೇಶ್ವರಿ ಗಂಡನ ಕೈಯನ್ನು ತನ್ನ ನೆತ್ತಿಯ ಮೇಲೆ ಇಡಿಸಿಕೊಂಡು, ಯಾರಿಗೂ ಹೇಳುವುದಿಲ್ಲವೆಂದು ಸಿದ್ಧೇಶ್ವರನ ಆಣೆ ಹಾಕಿಸಿಕೊಂಡಳು.

ಆರತಿ ಮುಗಿದ ಮೇಲೆ ಹಿತ್ತಲಲ್ಲಿ ಸತೀಶಕುಮಾರನಿಗೆ ಅವಳೊಬ್ಬಳೇ ಸಿಕ್ಕಳು.

“ಹೇಳಿಬಿಡೋಣ ರಾಜೀ. ನಿಮ್ಮವ್ವ ನನ್ನ ತಾಟಿಗಿ ಹೋಳಗಿ ಸೈತ ಎತ್ತಿ ಒಗದಂಗ ಹಾಕಿದ್ಲು.”

“ಬ್ಯಾಡ್ರಿ.” ಬಾತ ಗಲ್ಲದಿಂದಾಗಿ ಮಾತು ನೆಟ್ಟಗೆ ಹೊರಳುತ್ತಿರಲಿಲ್ಲ. “ಹೊಡತಾ ತಿಂದಾಳ ಅಂದ್ರ ಮಂದಿ ಅಯ್ಯೋ ಪಾಪ ಅಂತಾರ. ಮಾರಿಗಿ ಸೂಜಿ ಚುಚ್ಚಿಸ್ಕೊಂಡಾಳ ಅಂದ್ರ ನಗತಾರ. ನಗೂದು ಒಮ್ಮೆ ನೋಡೇನಿ, ಸಾಕು.”

ಅಷ್ಟರಲ್ಲಿ ಅವಳ ತಮ್ಮ ಶಂಕರೆಪ್ಪ, “ಮಾವಾರ, ಪಡಾ ನೋಡಿ ಬರೂಣ ಬರ್ರಿ” ಎಂದು ಕರೆದ.

ದ್ರಾಕ್ಷಿ ಪಡದಲ್ಲಿ ಆಳುಗಳು ಮಗ್ಗಿನಲ್ಲಿ ಔಷಧಿ ಹಿಡಿದು, ಕಾಯಿ ದಪ್ಪವಾಗಲೆಂದು ಗೊಂಚಲುಗಳನ್ನು ಒಂದೊಂದಾಗಿ ಅದ್ದುತ್ತ ಸಾಗಿದ್ದರು. ಶಂಕರೆಪ್ಪ ಅವರಿಂದ ನಾಲ್ಕು ಸಾಲು ಆಚೆ ಹೋಗಿ ನಿಂತ.

“ನಿಮಗ ಎದುರು ಮಾತಾಡಿದಾಂವ ಅಲ್ಲ ನಾ. ಅಕ್ಕ ಏನರ ತಪ್ಪು ಮಾಡಿದ್ರ ನಮಗ ಹೇಳಬೇಕಿತ್ರಿ. ಕೈ ಮಾಡೂದಂದ್ರ ಏನ್ರಿ ಮಾವಾರ? ಮಾರಿ ನೋಡಾಕ ಆಗವಲ್ದು.” ಅವನ ಕಣ್ಣಲ್ಲಿ ನೀರು ಬಂದಿತ್ತು.

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಗಟ್ಟಿಮುಟ್ಟಾದ ಗಂಡಸು ಹೀಗೆ ಕಣ್ಣೊರೆಸಿಕೊಳ್ಳುವುದನ್ನು ನೋಡಿ ಸತೀಶಕುಮಾರನಿಗೆ ತಾನು ನಿಜವಾಗಿಯೂ ಹೊಡೆದೆನೇನೋ ಎನ್ನಿಸಿತು. ಹೇಳಿಯೇಬಿಡಬೇಕೆಂದು ಬಾಯಿ ತೆರೆದವನಿಗೆ ಅಂಗೈಯಲ್ಲಿ ಅವಳ ನೆತ್ತಿಯ ಬಿಸಿ ತಾಕಿದಂತಾಯಿತು.

“ತಪ್ಪಾತು ಶಂಕರೆಪ್ಪ” ಎಂದ.

ಯಾವ ತಪ್ಪೆಂದು ಶಂಕರೆಪ್ಪ ಕೇಳಲಿಲ್ಲ. “ಅಕ್ಕ ಒಂದಿಷ್ಟು ದಿನ ಇಲ್ಲೇ ಇರ್ಲಿ” ಎಂದಷ್ಟೇ ಹೇಳಿದ.

ಹೊನವಾಡದ ಸುದ್ದಿ ಮರುದಿನದ ಬಸ್ಸಿಗೇ ವಿಜಯಪುರಕ್ಕೆ ಬಂತು. ಎದುರಿನ ಅಂಗಡಿಯ ಗುರಲಿಂಗಪ್ಪ ಚಹಾ ಕುಡಿಸಿ, “ಹೆಣ್ಣಮಕ್ಕಳ ಮ್ಯಾಲ ಕೈ ಮಾಡಬಾರ್ದಪ್ಪಾ. ಲಕ್ಷ್ಮೀ ನಿಲ್ಲಂಗಿಲ್ಲ” ಎಂದು ಬುದ್ಧಿ ಹೇಳಿದ. ಸತೀಶಕುಮಾರ ಹೂಂ ಎಂದ. ಇಲ್ಲವೆಂದರೆ ಕೇಳುವವರಾದರೂ ಯಾರು? ರಾತ್ರಿ ಅವಲಕ್ಕಿ ನೆನೆಹಾಕಿ ತಿನ್ನುವಾಗ, ಬಾವು ಇಳಿಯದೆ ಹಾಗೇ ಉಳಿದುಬಿಟ್ಟರೆ ಎಂದು ಹೆದರಿಕೆಯಾಗುತ್ತಿತ್ತು.

ಹನ್ನೊಂದನೆಯ ದಿನ ಕರೆಯಲು ಹೋದ. ಬಾಗಿಲಿಗೆ ಬಂದವಳನ್ನು ನೋಡಿ ಅವನ ಜೀವ ಹಗುರಾಯಿತು. ಬಾವು ಇಳಿದಿತ್ತು, ನೇರಳೆ ಬಣ್ಣ ಮಾಯವಾಗಿತ್ತು. ಗಲ್ಲ ತುಂಬಿ, ಮದುವೆಯಾದ ವರ್ಷದ ರಾಜೇಶ್ವರಿಯೇ ಎದುರು ನಿಂತಂತಿತ್ತು. ಏನಾದರೂ ಒಂದು ಒಳ್ಳೆಯ ಮಾತು ಆಡಬೇಕೆಂದು ಅವನು ಹುಡುಕುವಷ್ಟರಲ್ಲಿ ಕಟ್ಟೆಯ ಮೇಲಿಂದ ಕಾಶಿಬಾಯಿಯ ದನಿ ಬಂತು.

“ನೋಡ್ರಿ ಅಳಿಯಾರ! ನಾಕ ದಿನ ತವರಿನ ರೊಟ್ಟಿ ತಿಂದದ್ದಕ್ಕ ಗಲ್ಲ ಹೆಂಗ ತುಂಬ್ಯಾವ! ನಿಮ್ಮ ಮನ್ಯಾಗ ಹೊಟ್ಟಿಗಿ ಏನ ಹಾಕ್ತಿದ್ರಿ?”

ಕಟ್ಟೆಯ ಮೇಲಿದ್ದವರು ನಕ್ಕರು. ಸತೀಶಕುಮಾರ ಹೆಂಡತಿಯ ಮುಖ ನೋಡಿದ. ಅವಳು ನಗಲಿಲ್ಲ, ಕೈಬಳೆ ತಿರುವಿಕೊಂಡಳು. ನೀಲಾಬಾಯಿ ಮಗಳ ಗಲ್ಲವನ್ನು ಎರಡೂ ಕೈಯಿಂದ ಸವರಿ ನೆಟಿಗೆ ಮುರಿದಳು. ಹತ್ತೂ ಬೆರಳು ಲಟಲಟ ಎಂದವು. ರಾಜೇಶ್ವರಿ ಕಣ್ಣು ಮುಚ್ಚಿ ಸುಮ್ಮನೆ ನಿಂತಿದ್ದಳು. “ಯಾರ ಕೆಟ್ಟ ಕಣ್ಣು ಬಿದ್ದಿತ್ತೋ ನನ್ನ ಮಗಳ ಮ್ಯಾಲ” ಎಂದು ಮುದುಕಿ ಅಳಿಯನನ್ನೇ ನೋಡಿದಳು.

ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತ ರಾಜೇಶ್ವರಿ ಊರು ದಾಟಿದ ಮೇಲೆ ಸೆರಗು ಸರಿಸಿದಳು.

“ಹೆಂಗ ಕಾಣಾಕತ್ತೇನ್ರಿ?” ಎಂದು ಪಿಸುಗುಟ್ಟಿದಳು.

“ಭಾಳ ಛಲೋ ಕಾಣಾಕತ್ತೀ” ಎಂದ. ಅದು ನಿಜವೇ ಆಗಿತ್ತು. ಗಾಳಿಗೆ ಕೂದಲೆಳೆಯೊಂದು ಹಾರಿ ಅವಳ ಗಲ್ಲಕ್ಕೆ ಅಂಟಿತು. ಅದನ್ನು ಸರಿಸಲೆಂದು ಅವನು ಕೈ ಎತ್ತಿದ.

ಅವಳು ಗಕ್ಕನೆ ಹಿಂದೆ ಸರಿದಳು.

“ಅಯ್ಯ, ರೂಢಿ ಆಗಿಬಿಟ್ಟೇತ್ರಿ” ಎಂದು ಮರುಗಳಿಗೆ ತಾನೇ ನಕ್ಕಳು. ಆದರೆ ಹಿಂದಿನ ಸೀಟಿನಲ್ಲಿ ಕೂತಿದ್ದ ಹೊನವಾಡದ ಇಬ್ಬರು ಹೆಂಗಸರ ಮಾತು ಅಲ್ಲಿಗೇ ನಿಂತಿತ್ತು. ಸತೀಶಕುಮಾರ ಕೈ ಇಳಿಸಿದ. ಟಿಕೋಟಾ ಬರುವ ತನಕ ಅವನ ಎರಡೂ ಅಂಗೈ, ಎಲ್ಲರಿಗೂ ಕಾಣುವ ಹಾಗೆ, ಮೊಣಕಾಲ ಮೇಲೇ ಇದ್ದವು.