ಓರೆಯಾಗಿ ಅಳೆದ ಬಲಗಿವಿ

ಎಡಗಿವಿಯ ಒಳಸುರುಳಿ ಒಂಬತ್ತೂವರೆ ಮಿಲಿಮೀಟರ್, ಬಲಗಿವಿಯದು ಎಂಟೂಕಾಲು. ಕಿರಿಯ ಡಾಕ್ಟರು ಬರೆದಿಟ್ಟ ಆ ಅಳತೆ ನೋಡಿ ಸ್ಕ್ಯಾನ್ ವಿಭಾಗದ ಟೇಪಕ್ಕ ಬೆಳಗಿನ ಕಾಫಿ ಕೆಳಗಿಟ್ಟಳು. ಹೊಲಿಗೆಯವಳ ಮಗಳೆಂದು ಆ ಹೆಸರು ಬಿದ್ದು ಇಪ್ಪತ್ತು ವರ್ಷವಾಗಿತ್ತು. ಅಂಗಿಯ ಎರಡೂ ತೋಳುಗಳನ್ನು ಒಂದರ ಮೇಲೊಂದು ಇಟ್ಟು ನೋಡದೆ ಅವಳಮ್ಮ ಯಾರಿಗೂ ಕೊಟ್ಟವಳಲ್ಲ.

ಈ ಕಿವಿಗಳು ಒಬ್ಬ ಟೀಚರಮ್ಮನವು. ಎರಡು ವರ್ಷದ ಹಿಂದೆ ಕಾಯಿಲೆಯೊಂದು ಎರಡನ್ನೂ ಕಿವುಡಾಗಿಸಿತ್ತು. ಬಲಗಿವಿಯೊಳಗೆ, ಬಸವನಹುಳುವಿನ ಚಿಪ್ಪಿನಂತೆ ಸುತ್ತಿಕೊಂಡ ಎಲುಬಿನ ಸುರುಳಿಗೆ, ಮುಂದಿನ ವಾರ ದನಿ ಕೇಳಿಸುವ ಯಂತ್ರದ ತೆಳ್ಳನೆಯ ತಂತಿ ಇಳಿಸಬೇಕು. ಸುರುಳಿಯ ಅಗಲ ನೋಡಿಯೇ ತಂತಿಯ ಉದ್ದ. ಗಿಡ್ಡದ್ದು ಹೋದರೆ ಒಳಸುತ್ತಿನವರೆಗೆ ಮುಟ್ಟುವುದಿಲ್ಲ. ದಪ್ಪ ದನಿಗಳ ಜಾಗ ಅದೇ.

"ನಮ್ಮೆಜಮಾನ್ರದು ಡೋಲಿನಂಥ ದನಿ ಕಣ್ರೀ," ಎಂದಿದ್ದರು ಟೀಚರಮ್ಮ, ಸ್ಕ್ಯಾನಿನ ದಿನ. "ಅವರ ಗೊಣಗಾಟ ಕೇಳದೆ ಹಾಯಾಗಿದೀನಿ ಅಂತ ಎಲ್ಲರ ಹತ್ರ ಹೇಳ್ತೀನಿ. ಬರೀ ಸುಳ್ಳು."

ಟೇಪಕ್ಕ ಚಿತ್ರ ತೆರೆದಳು. ತಲೆ ಒಂದು ಕಡೆಗೆ ವಾಲಿತ್ತು. ತಟ್ಟನೆ ನೆನಪಾಯಿತು. ಯಂತ್ರ ಶುರುವಾಗುವ ಮುಂಚೆ ತಾನು ಎಂದಿನ ರೂಢಿಯಂತೆ ಮೈಕಿನಲ್ಲಿ "ಅಲ್ಲಾಡ್ಬೇಡಿ" ಎಂದಿದ್ದಳು, ಕಿವಿ ಕೇಳದವರಿಗೆ! ಗಾಜಿನಾಚೆ ಅಲುಗಿದ ತುಟಿ ಓದಲೆಂದು ಆಕೆ ತಲೆ ತಿರುಗಿಸಿ, ಹಾಗೇ ಕಲ್ಲಿನಂತೆ ಮಲಗಿದ್ದರು. ಚಿತ್ರ ಮಸುಕಾಗಿರಲಿಲ್ಲವೆಂದು ತಾನೂ ಸುಮ್ಮನಾಗಿದ್ದಳು.

ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅದು ಅವಳಿಗೂ ಹೊಳೆಯದೆ ಇರಲಿಲ್ಲ. ಎದ್ದು ಕಿರಿಯ ಡಾಕ್ಟರ ಮೇಜಿನ ಮುಂದೆ ನಿಂತಳು.

"ಬಲಗಿವಿ ಇನ್ನೊಂದ್ಸಲ ಅಳೀತೀರಾ ಡಾಕ್ಟ್ರೇ?"

"ಮಧ್ಯಾಹ್ನ ತಂತಿಗೆ ಆರ್ಡರ್ ಹೋಗ್ಬೇಕಕ್ಕಾ. ಎರಡೂ ಒಂದೇ ಥರ ಇರೋಕೆ ಕಿವಿ ಏನು ಜೆರಾಕ್ಸಾ?"

"ಜೆರಾಕ್ಸ್ ಅಲ್ಲ, ಅವಳಿ ಅಕ್ಕತಂಗಿ. ಇಷ್ಟೊಂದು ವ್ಯತ್ಯಾಸ ಬರಲ್ಲ. ತಲೆ ವಾಲಿತ್ತು, ತಪ್ಪು ನಂದೇ. ಎಡಗಿವಿಗೆ ಚಿತ್ರ ನೇರ ಮಾಡ್ಕೊಂಡು ಅಳೆದಿದ್ದೀರಿ, ಬಲಗಿವಿಗೆ ಮಾತ್ರ ಓರೆಯಾಗಿ ಸೀಳಿದ ಚಿತ್ರದ ಮೇಲೇ ಗೆರೆ ಎಳೆದಿದ್ದೀರಿ."

"ಯಾರ ತಪ್ಪು?" ಬಾಗಿಲಲ್ಲಿ ಆಪರೇಷನ್ ಮಾಡುವ ದೊಡ್ಡ ಮೇಡಂ.

ಟೇಪಕ್ಕ ಮೈಕಿನ ಕಥೆಯನ್ನು ಒಂದಕ್ಷರ ಬಿಡದೆ ಹೇಳಿದಳು. ಮೇಡಂ ಕುರ್ಚಿಯನ್ನು ಅವಳ ಕಡೆ ತಳ್ಳಿದರು. "ಕೂತ್ಕೊಳಿ. ತೋರಿಸಿ."

ಹೊಸದಾಗಿ ಸ್ಕ್ಯಾನ್ ಬೇಕಿರಲಿಲ್ಲ. ಚಿತ್ರ ಕತ್ತರಿಸುವ ಕೋನವನ್ನು ಅವಳು ಕೂದಲೆಳೆಯಷ್ಟೇ ತಿರುಗಿಸುತ್ತ ಹೋದಳು, ಅಮ್ಮ ಬಟ್ಟೆಯ ಎಳೆ ನೇರ ಮಾಡಿಕೊಳ್ಳುತ್ತಿದ್ದಂತೆ. ಚಪ್ಪಟೆ ಮೊಟ್ಟೆಯಂತಿದ್ದ ಸುರುಳಿ ಮೆಲ್ಲಗೆ ದುಂಡಗಾಯಿತು. ತಂತಿ ಒಳಹೋಗುವ ಕಿಂಡಿಯಿಂದ ಎದುರು ಗೋಡೆಯವರೆಗೆ ಗೆರೆ ಎಳೆದಳು.

ಒಂಬತ್ತು ಪಾಯಿಂಟ್ ನಾಲ್ಕು.

ಕಿರಿಯ ಡಾಕ್ಟರು ತಾವೇ ಎರಡು ಸಲ ಅಳೆದರು. ಅಂಕಿ ಕದಲಲಿಲ್ಲ. "ಉದ್ದದ ತಂತಿ ಬರೀರಿ," ಎಂದರು ಮೇಡಂ. "ಇನ್ಮೇಲೆ ಟೇಪಕ್ಕ ನೋಡದೆ ಯಾವ ಕಿವಿಯೂ ನನ್ನ ಟೇಬಲ್‌ಗೆ ಬರೋ ಹಾಗಿಲ್ಲ."

ಆಪರೇಷನ್ನಿನಲ್ಲಿ ತಂತಿ ಕೊನೆಯವರೆಗೂ ಸಲೀಸಾಗಿ ಇಳಿಯಿತು. ಗಾಯ ಮಾಗಿ ಕಿವಿಯ ಯಂತ್ರ ಚಾಲೂ ಮಾಡಿದಾಗ ಟೀಚರಮ್ಮನಿಗೆ ಎಲ್ಲರೂ ತಗಡಿನ ಡಬ್ಬಿಯೊಳಗಿಂದ ಮಾತಾಡಿದ ಹಾಗೆ ಕೇಳಿಸಿತಂತೆ. ದಿನ ಕಳೆದಂತೆ ಡಬ್ಬಿ ಕರಗಿತು.

ನಾಲ್ಕು ತಿಂಗಳ ಮೇಲೆ ಗಂಡಹೆಂಡಿರು ಸ್ಕ್ಯಾನ್ ವಿಭಾಗಕ್ಕೇ ಬಂದರು. ಟೇಪಕ್ಕನ ಕೈ ಹಿಡಿದುಕೊಂಡು ನಿಂತ ಟೀಚರಮ್ಮನ ಬೆನ್ನ ಹಿಂದೆ ಯಜಮಾನರು ತಮ್ಮಷ್ಟಕ್ಕೆ ಗೊಣಗಿದರು: "ಕೊಡೆ ಎಲ್ಲಿಟ್ಲೋ ಇವಳು..."

"ನಿಮ್ಮ ಕಂಕುಳಲ್ಲೇ ಇದೆಯಲ್ರೀ!" ಎಂದರು ಟೀಚರಮ್ಮ, ತಿರುಗಿ ನೋಡದೆಯೇ.