ಒಂದೂವರೆಯ ಸೀಟು

ಉಮಾಮಹೇಶ್ವರಿ ಮಗಳನ್ನು ಸೊಂಟಕ್ಕೆ ಏರಿಸಿಕೊಂಡು ಬನಶಂಕರಿಯಲ್ಲಿ ಬಸ್ಸು ಬದಲಾಯಿಸುವ ಹೊತ್ತಿಗೆ ದಿನವೂ ಹನ್ನೆರಡು ದಾಟಿರುತ್ತಿತ್ತು. ಮೇಘಶ್ರೀಗೆ ಏಳು ತುಂಬಿತ್ತು. ಹುಟ್ಟುವಾಗ ಉಸಿರು ಸಿಕ್ಕದೆ ಹೋದ ಮಗು. ಕುತ್ತಿಗೆ ನಿಲ್ಲುವುದಿಲ್ಲ, ಮಾತಿಲ್ಲ, ಕೈಕಾಲು ಒಮ್ಮೆ ಸೆಟೆದುಕೊಂಡರೆ ಸಡಿಲವಾಗಲು ಬಹಳ ಹೊತ್ತು ಬೇಕು. ಗಂಡ ಕರಿಬಸವಯ್ಯ ಕುಮಾರಸ್ವಾಮಿ ಲೇಔಟಿನಲ್ಲಿ ಹಿಟ್ಟಿನ ಗಿರಣಿ ಇಟ್ಟವನು. ರಾಗಿ ಡಬ್ಬವನ್ನು ಎತ್ತಿದ ಕೂಡಲೇ ತೂಕ ಹೇಳಿಬಿಡುತ್ತಿದ್ದ. ಮಗಳನ್ನು ಎತ್ತಿ ಹದಿನಾರು ಎಂದಿದ್ದ. ಆಸ್ಪತ್ರೆಯ ಯಂತ್ರವೂ ಹದಿನಾರನ್ನೇ ತೋರಿಸಿತ್ತು.

"ಏನಕ್ಕಾ, ನಿಮಗೂ ಫ್ರೀ, ಮಗಳಿಗೂ ಫ್ರೀ. ಆ ಬ್ಯಾಗಿಗಾದ್ರೂ ಒಂದು ಟಿಕೆಟ್ ತಗೊಳ್ಳಿ" ಎಂದು ಕಂಡಕ್ಟರ್ ರೇಗಿಸುತ್ತಿದ್ದ.

"ಬ್ಯಾಗು ನೀವು ಹೊತ್ಕೊಳ್ಳಿ ಅಣ್ಣ, ತಗೋತೀನಿ" ಎನ್ನುತ್ತಿದ್ದಳು ಉಮಾ. ನಗುವಷ್ಟು ಶಕ್ತಿ ಇರದ ದಿನ ಬರೀ ತಲೆ ಆಡಿಸುತ್ತಿದ್ದಳು.

ಈ ಓಡಾಟ ಶುರುವಾಗುವ ಮೊದಲು ಸುಮಾರು ಒಂದು ವರ್ಷ ಹುಡುಕಾಟದಲ್ಲೇ ಕಳೆದಿತ್ತು. ಒತ್ತಡ ಹೆಚ್ಚಿಸಿದ ಕೋಣೆಯೊಳಗೆ ಕೂರಿಸಿ ಆಮ್ಲಜನಕ ಕೊಡುತ್ತಾರಂತೆ, ಹೈಪರ್‌ಬ್ಯಾರಿಕ್ ಅಂತ ಅದರ ಹೆಸರಂತೆ, ಇಂಥ ಮಕ್ಕಳಿಗೆ ಒಂದಿಷ್ಟು ಗುಣ ಕಾಣುತ್ತದಂತೆ ಎಂದು ಫಿಸಿಯೋಥೆರಪಿಗೆ ಬರುವ ಇನ್ನೊಬ್ಬ ತಾಯಿ ಹೇಳಿದ್ದಳು. ದೊಡ್ಡ ಆಸ್ಪತ್ರೆಯೊಂದರಲ್ಲಿ ವಿಚಾರಿಸಿದಾಗ ಅವರು ಹೇಳಿದ ಮೊತ್ತ ಗಿರಣಿಯ ಒಂದು ವರ್ಷದ ದುಡಿಮೆಗೆ ಹತ್ತಿರವಿತ್ತು. ಬಿಟಿಎಂ ಲೇಔಟಿನಲ್ಲಿ ಒಬ್ಬ ಗಾಳಿ ತುಂಬುವ ಚೀಲದಂಥದ್ದನ್ನು ತೋರಿಸಿ, ಬಾಡಿಗೆಗೆ ಮನೆಗೇ ಒಯ್ಯಿರಿ ಎಂದ. ಕರಿಬಸವಯ್ಯ ಆ ಚೀಲವನ್ನು ಮುಟ್ಟಿ ನೋಡಿ, "ಗೋಣಿಚೀಲದಲ್ಲಿ ಮಗೂನ ಹಾಕಿ ಕಟ್ಟಿದಂಗಾಯ್ತು" ಎಂದು ಹೊರಗೆ ಬಂದುಬಿಟ್ಟ.

ಮೇಘಶ್ರೀಯನ್ನು ಮೊದಲಿನಿಂದಲೂ ನೋಡುತ್ತಿದ್ದ ನರರೋಗದ ಡಾಕ್ಟರು ಮುಚ್ಚುಮರೆ ಮಾಡಲಿಲ್ಲ. "ಇದರಿಂದ ಆಗತ್ತೆ ಅಂತ ನಾನು ಹೇಳಲ್ಲಮ್ಮ. ಗಟ್ಟಿ ಪುರಾವೆ ಇಲ್ಲ. ಮಾಡಿಸ್ತೀವಿ ಅಂದ್ರೆ ಫಿಟ್ಸ್ ಹಿಡಿತದಲ್ಲಿದೆ ಅಂತ ಒಂದು ಚೀಟಿ ಕೊಡ್ತೀನಿ, ಅಷ್ಟೇ." ಉಮಾ ಆ ಚೀಟಿಯನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಬ್ಯಾಗಿನಲ್ಲಿಟ್ಟುಕೊಂಡಳು. ಅರಸೀಕೆರೆ ಕಡೆಯ, ಮಳೆಯನ್ನೇ ನಂಬಿದ ಬೆದ್ದಲು ಹೊಲದವರ ಮನೆಯ ಮಗಳು ಅವಳು. ಮೊಳೆಯುತ್ತದೆಂದು ಬರೆದುಕೊಟ್ಟ ಮೇಲೆ ಬಿತ್ತಿದವರನ್ನು ಅವಳು ನೋಡಿರಲಿಲ್ಲ.

ಕೊನೆಗೆ ಸಿಕ್ಕಿದ್ದು ಜೆಪಿ ನಗರದ ಒಳರಸ್ತೆಯೊಂದರ, ಟೈಲ್ಸ್ ಅಂಗಡಿಯ ಪಕ್ಕದ ಸಣ್ಣ ಕೇಂದ್ರ. ಹಾಲಿನ ಟ್ಯಾಂಕರನ್ನು ನೆಲದ ಮೇಲೆ ಮಲಗಿಸಿದ ಹಾಗಿದ್ದ ಉಕ್ಕಿನ ಕೋಣೆ, ಅದರೊಳಗೆ ಆರು ಸೀಟು. ಮಧ್ಯಾಹ್ನ ಒಂದೂವರೆಗೆ ಬಾಗಿಲು ಮುಚ್ಚಿದರೆ ಮೂರೂವರೆಯವರೆಗೆ ತೆಗೆಯುವಂತಿಲ್ಲ. ಬರುವವರಲ್ಲಿ ಹೆಚ್ಚಿನವರು ಸಕ್ಕರೆ ಕಾಯಿಲೆಯಿಂದ ಕಾಲಿನ ಗಾಯ ಮಾಗದವರು. ಕೇಂದ್ರ ನಡೆಸುವ ಡಾ. ವಿಮಲಾ ಉಮಾಳ ಮಾತನ್ನೆಲ್ಲ ಕೇಳಿ, ಪೆನ್ನಿನ ಮುಚ್ಚಳವನ್ನು ಒಮ್ಮೆ ಹಾಕಿ ಮತ್ತೆ ತೆಗೆದರು.

"ಐದು ಜನ ಕೂತ್ರೂ ಅಷ್ಟೇ ಕರೆಂಟು, ಆರು ಜನ ಕೂತ್ರೂ ಅಷ್ಟೇ. ಯಾರಾದ್ರೂ ಬರದೇ ಇದ್ದ ದಿನ ಆ ಸೀಟಲ್ಲಿ ಮಗೂನ ತೊಡೆ ಮೇಲೆ ಕೂರಿಸ್ಕೊಳ್ಳಿ. ಫೀಸಲ್ಲಿ ಕಾಲು ಭಾಗ ಕೊಡಿ ಸಾಕು. ಇಂಥಾ ದಿನ ಸಿಗತ್ತೆ ಅಂತ ಮಾತ್ರ ನಾನು ಹೇಳಕ್ಕಾಗಲ್ಲ."

ಸೀಟು ಸಿಕ್ಕಿದ ಮೊದಲ ದಿನವೇ ವಾಪಸು ಬರಬೇಕಾಯಿತು. ಒಳ್ಳೆಯ ಕೆಲಸಕ್ಕೆ ಹೊರಟ ಮಗುವೆಂದು ಉಮಾ ಬೆಳಗ್ಗೆ ನೆತ್ತಿಗೆ ಹರಳೆಣ್ಣೆ ಒತ್ತಿ, ಎರಡು ಜಡೆ ಬಿಗಿದು ಕರೆದುಕೊಂಡು ಹೋಗಿದ್ದಳು. ಯಂತ್ರ ನೋಡಿಕೊಳ್ಳುವ ನಂದಕುಮಾರ್ ಮೂಸಿ ನೋಡಿ ಹೌಹಾರಿದ. "ಅಯ್ಯೋ ಅಕ್ಕ, ಎಣ್ಣೆ! ಆಕ್ಸಿಜನ್ ಜೊತೆ ಎಣ್ಣೆ ಸೇರಿದ್ರೆ ಬೆಂಕಿ ಹತ್ಕೊಳ್ಳತ್ತೆ. ಒಗೆದ ಕಾಟನ್ ಬಟ್ಟೆ, ಒಣ ತಲೆ, ಅಷ್ಟೇ." ಆ ದಿನ ಸೀಟು ಖಾಲಿಯೇ ಹೋಯಿತು.

ಆಮೇಲೆ ಅಭ್ಯಾಸವಾಯಿತು. ಊರಿನಲ್ಲಿ ಟೆಂಪೋದವನು ಸೀಟು ತುಂಬಲಿ ಎಂದು ಕಾಯುತ್ತಾನೆ. ಇಲ್ಲಿ ಅವಳು ತುಂಬದಿರಲಿ ಎಂದು ಕಾಯುತ್ತಿದ್ದಳು. ಬಾಗಿಲ ಬಳಿಯ ಸ್ಟ್ಯಾಂಡಿನಲ್ಲಿ, ಕಾಲಿನ ಗಾಯದವರು ಬಿಟ್ಟ ದಪ್ಪ ಅಟ್ಟೆಯ ಕಪ್ಪು ಚಪ್ಪಲಿಗಳನ್ನು ಎಣಿಸುವಳು. ಐದು ಜೋಡಿ ಇದ್ದರೆ ಎದೆ ಹಗುರವಾಗುತ್ತಿತ್ತು. ಬರದಿದ್ದವರಿಗೆ ಜ್ವರವೋ, ಕಾಲು ತೆಗೆದರೋ, ಇನ್ನೇನೋ ಎಂಬ ಯೋಚನೆ ಬರುತ್ತಿದ್ದುದು ಒಳಗೆ ಹೋಗಿ ಕೂತ ಮೇಲೆ. ಹಾಗಾಗಿ ಅವಳು ಬೆಳಗಿನ ಪೂಜೆಯಲ್ಲಿ ಏನನ್ನೂ ಬೇಡಿಕೊಳ್ಳುತ್ತಿರಲಿಲ್ಲ. ವಿಭೂತಿ ಇಟ್ಟುಕೊಂಡು ಎದ್ದುಬಿಡುತ್ತಿದ್ದಳು.

ಒತ್ತಡ ಏರುವಾಗ ಕಿವಿ ಕಟ್ಟುತ್ತದೆ, ಎಂಜಲು ನುಂಗುತ್ತಿರಬೇಕು. ನುಂಗು ಎಂದರೆ ಮೇಘಶ್ರೀಗೆ ತಿಳಿಯುವುದಿಲ್ಲ. ಬೆಲ್ಲದ ನೀರಿನಲ್ಲಿ ಅದ್ದಿದ ಬಟ್ಟೆಯ ತುದಿಯನ್ನು ತುಟಿಗೆ ತಾಗಿಸಿದರೆ ನುಂಗುತ್ತಾಳೆಂದು ಉಮಾ ತಾನೇ ಕಂಡುಕೊಂಡಳು. ಬಿಟ್ಟು ಬಿಟ್ಟು ಸಿಕ್ಕ ಏಳನೆಯ ಸೀಟಿನ ಮಾರನೆಯ ದಿನ ಮಗು ಕೆಮ್ಮದೆ ಒಂದು ಬಟ್ಟಲು ಗಂಜಿ ಕುಡಿಯಿತು. ಉಮಾ ಗಿರಣಿಗೆ ಓಡಿ ಹೋಗಿ ಹೇಳಿದಳು. "ಹಿಟ್ಟು ನುಣ್ಣಗೆ ಬೀಸಿದ್ದೆ ಕಣೇ, ಅದಕ್ಕೆ" ಎಂದ ಕರಿಬಸವಯ್ಯ. ಹಾಗೆಂದರೂ ಆ ದಿನ ಒಂದು ಗಂಟೆ ಮೊದಲೇ ಬೆಲ್ಟು ನಿಲ್ಲಿಸಿ ಮನೆಗೆ ಬಂದ. ಆಮೇಲೆ ಒಂಬತ್ತು ದಿನ ಸೀಟು ಸಿಗಲಿಲ್ಲ. ಕೆಮ್ಮು ಮರಳಿತು.

"ಹೀಗೆ ಬಿಟ್ಟು ಬಿಟ್ಟು ಆದ್ರೆ ನಾನೂ ಏನೂ ಹೇಳಕ್ಕಾಗಲ್ಲ" ಎಂದರು ವಿಮಲಾ. "ಒಂದೇ ಸಮ ಇಪ್ಪತ್ತು ದಿನ ಆಗ್ಲಿ. ಆಮೇಲೆ ಮಾಡಿಸ್ಬೇಕೋ ಬಿಡಬೇಕೋ ನೀವೇ ಹೇಳ್ತೀರ."

ಅಂದಿನಿಂದ ಉಮಾಳಿಗೆ ಬೇಕಿದ್ದುದು ಅದೊಂದೇ: ನಡುವೆ ಮುರಿಯದ ಇಪ್ಪತ್ತು ದಿನ.

ಆಗಲೇ ಜಯಸಿಂಹ ಅವರ ಕಿವಿ ಕಟ್ಟತೊಡಗಿತು.

ಜಯಸಿಂಹ ಜಯನಗರದವರು, ವಿಮಾ ಕಚೇರಿಯಿಂದ ನಿವೃತ್ತರಾಗಿ ಹದಿನಾಲ್ಕು ವರ್ಷವಾದವರು. ಎಡಗಾಲಿನ ಹೆಬ್ಬೆರಳ ಕೆಳಗೆ ಗಾಯ. ಗೊತ್ತಿನ ಆಟೋದಲ್ಲಿ ಒಬ್ಬರೇ ಬಂದು ಬೆಂಚಿನ ಮೇಲೆ ಉಮಾಳ ಪಕ್ಕ ಕೂರುತ್ತಿದ್ದರು. ಮೇಘಶ್ರೀಯ ಕೈಯನ್ನು ಹಿಡಿದು, "ಏನು ಮೇಡಂ, ಇವತ್ತು ನನ್ನ ಸೀಟು ಕಿತ್ಕೋತೀರೋ ಹ್ಯಾಗೆ?" ಎಂದು ಗಂಭೀರವಾಗಿ ಕೇಳುತ್ತಿದ್ದರು. ಒಳಗೆ ಕಳಿಸುವ ಮುಂಚೆ ನಂದಕುಮಾರ್ ಎಲ್ಲರನ್ನೂ ಕೇಳುವ ಪ್ರಶ್ನೆ ಒಂದೇ: "ಕಿವಿ ಹೇಗಿದೆ?" ನೆಗಡಿಯಾಗಿ ಕಿವಿ ಕಟ್ಟಿದ್ದರೆ ಒಳಗೆ ಬಿಡುವಂತಿಲ್ಲ.

"ಕಟ್ಟಿದೆ ಕಣಪ್ಪ" ಎಂದರು ಜಯಸಿಂಹ ಒಂದು ಸೋಮವಾರ.

ಮೇಘಶ್ರೀಗೆ ಸೀಟು ಸಿಕ್ಕಿತು. ಎರಡು ಗಂಟೆಯ ನಂತರ ಹೊರಗೆ ಬಂದಾಗ ಅವರು ಅದೇ ಬೆಂಚಿನ ಮೇಲೆ ಉಮಾಳ ಬ್ಯಾಗನ್ನು ಕಾಯುತ್ತ ಪದಬಂಧ ತುಂಬಿಸುತ್ತಿದ್ದರು. ಮಂಗಳವಾರವೂ ಕಟ್ಟಿತ್ತು. ಬುಧವಾರವೂ. ಬುಧವಾರ ಹೊರಗೆ ಬಂದ ಉಮಾ, ಅವರು ತಲೆ ಬಗ್ಗಿಸಿ ಬರೆಯುತ್ತಿದ್ದಾಗ ಹಿಂದಿನಿಂದ ಮಗಳಿಗೆ ಪಿಸುದನಿಯಲ್ಲಿ, "ತಾತಂಗೆ ಟಾಟಾ ಮಾಡು ಪುಟ್ಟಿ" ಎಂದಳು. ಜಯಸಿಂಹ ತಿರುಗದೆಯೇ ಕೈ ಎತ್ತಿ ಬೀಸಿದರು.

ಉಮಾ ನಿಂತಲ್ಲೇ ನಿಂತಳು. ಕಟ್ಟಿದ ಕಿವಿಗೆ ಪಿಸುಮಾತು ಹೇಗೆ ಕೇಳಿಸಿತೆಂದು ವಿಚಾರಿಸಬೇಕೆನಿಸಿತು. ಬಸ್ಸಿಗೆ ಹೊತ್ತಾಯಿತೆಂದು ಹೊರಟುಬಿಟ್ಟಳು.

ಗುರುವಾರ ಹೋಯಿತು, ಶುಕ್ರವಾರ ಹೋಯಿತು. ಶನಿವಾರ, ಭಾನುವಾರ ಕೇಂದ್ರಕ್ಕೆ ರಜೆ, ಅದು ಲೆಕ್ಕಕ್ಕಿಲ್ಲ. ಮತ್ತೆ ಸೋಮ, ಮಂಗಳ, ಬುಧ. ನಂದಕುಮಾರ್ ಕಿವಿ ಡಾಕ್ಟರ ಹೆಸರು ಬರೆದುಕೊಟ್ಟ. ಜಯಸಿಂಹ ಆ ಚೀಟಿಯನ್ನು ಮಡಿಸಿ ಜೇಬಿಗಿಟ್ಟುಕೊಂಡರು. ಮಗುವಿಗೆ ಎಂಟು ದಿನ ಮುರಿಯದೆ ಸಿಕ್ಕಿತ್ತು. ಎಂಟನೆಯ ದಿನದ ರಾತ್ರಿ ಮಗು ಗಂಜಿಯನ್ನು ಒಂದೇ ಬಾರಿ ಕೆಮ್ಮಿ ಮುಗಿಸಿತು. ಇನ್ನು ಹನ್ನೆರಡು.

ಗುರುವಾರ ಜಯಸಿಂಹ ಅವರ ಜೊತೆ ಹೆಂಡತಿ ಪಂಕಜಾ ಬಂದಿದ್ದರು. ಗಂಡ ಬಟ್ಟೆ ಬದಲಾಯಿಸಲು ಹೋದಾಗ ಪಂಕಜಾ ಬೆಂಚಿನ ತುದಿಯಲ್ಲಿ ಕೂತು, ಉಮಾ ಮಗಳಿಗೆ ಕಾಟನ್ ಫ್ರಾಕು ಹಾಕುವುದನ್ನು ನೋಡುತ್ತಿದ್ದರು.

"ನೀವೇ ಉಮಾ ಅಲ್ವಾ? ಮನೇಲಿ ನಿಮ್ಮ ಮಗೂದೇ ಮಾತು ಇವರದು."

"ಹೌದಾ ಆಂಟಿ?"

"ನಿನ್ನೆ ಸರ್ಜನ್ ನೋಡಿದ್ರು. ಗಾಯ ಒಳಗಡೆ ಹೋಗ್ತಿದೆಯಂತೆ. ಬರೋ ಶುಕ್ರವಾರದ ಹೊತ್ತಿಗೆ ಕಡಿಮೆ ಕಾಣದಿದ್ರೆ ಮುಂಗಾಲು ತೆಗೀಬೇಕಂತೆ." ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದರು. "ಅನ್ನ ಬಿಡ್ಸಿದೀನಿ, ಬಾಳೆಹಣ್ಣು ಮನೆಗೇ ತರಲ್ಲ. ದಿನಾ ಇಲ್ಲಿಗೂ ಬರ್ತಾರೆ. ಎಲ್ಲಿ ತಪ್ಪಿದೆ ಅಂತಾನೇ ಗೊತ್ತಾಗ್ತಿಲ್ಲ ಕಣಮ್ಮ."

ಉಮಾಳ ಕೈ ಫ್ರಾಕಿನ ಲಾಡಿಯ ಮೇಲೆ ನಿಂತಿತು. ಮಗು ಮೈ ಸೆಟೆದು ಹಿಂದಕ್ಕೆ ವಾಲಿತು. ತಲೆ ಬೀಳದಂತೆ ಮೊಣಕೈಯಲ್ಲಿ ಆತುಕೊಂಡಳು.

ಅಷ್ಟರಲ್ಲಿ ಜಯಸಿಂಹ ನೀಲಿ ಅಂಗಿ ತೊಟ್ಟು ಬಂದರು. ನಂದಕುಮಾರ್ ಪಟ್ಟಿ ಹಿಡಿದು ಕೇಳಿದ. "ಸಾರ್, ಕಿವಿ?"

ಅವರು ಹೆಂಡತಿಯ ಕಡೆ ಒಮ್ಮೆ ನೋಡಿದರು. "ಕಟ್ಟಿದೆ."

"ಅಯ್ಯೋ, ಬೆಳಗ್ಗೆ ಚೆನ್ನಾಗಿತ್ತಲ್ರೀ" ಎಂದರು ಪಂಕಜಾ.

"ಆಟೋದಲ್ಲಿ ಗಾಳಿ ಹೊಡೀತು."

"ಅಕ್ಕ, ಬನ್ನಿ ಬನ್ನಿ, ಟೈಮಾಯ್ತು" ಎಂದ ನಂದಕುಮಾರ್. ಉಳಿದ ಐವರು ಆಗಲೇ ಒಳಗೆ ಕೂತು ಮಾಸ್ಕಿನ ದಾರ ಸರಿಪಡಿಸಿಕೊಳ್ಳುತ್ತಿದ್ದರು. ಉಮಾ ಮಗಳನ್ನು ಎತ್ತಿಕೊಂಡು ಬಾಗಿಲವರೆಗೆ ಹೋದಳು. ಒಂದು ಕಾಲನ್ನು ಹೊಸ್ತಿಲಾಚೆ ಇಟ್ಟಳು. ಹದಿನಾರು ಕೇಜಿ ಅವಳ ಬಲಗೈಯಲ್ಲಿತ್ತು. ಸುಮ್ಮನೆ ಒಳಗೆ ಹೋಗಿ ಕೂತರೆ ಯಾರೂ ಏನೂ ಅನ್ನುವವರಿರಲಿಲ್ಲ. ಎಂಟು ದಿನದಿಂದ ಯಾರೂ ಅಂದಿರಲಿಲ್ಲ. ಅವಳು ಕಾಲನ್ನು ಹಿಂದಕ್ಕೆ ತೆಗೆದಳು.

"ಸಾರ್‌ಗೆ ಕಿವಿ ಕಟ್ಟಿಲ್ಲ ನಂದಕುಮಾರ್. ಒಂದು ದಿನಾನೂ ಕಟ್ಟಿರ್ಲಿಲ್ಲ."

"ಏನಕ್ಕಾ?"

"ಎಂಟು ದಿನದಿಂದ ಆಚೆನೇ ಕೂತಿದಾರೆ ಆಂಟಿ. ಒಳಗೆ ಹೋಗ್ತಿರೋದು ನಾವು."

ಪಂಕಜಾ ಗಂಡನ ಮುಖವನ್ನು ನೋಡಿದರು. "ಏನ್ರೀ ಇದು?"

ಜಯಸಿಂಹ ಉಮಾಳಿಗೆ ಹೇಳಿದರು, ಹೆಂಡತಿಗಲ್ಲ. "ನಿಂಗೆ ಯಾಕಮ್ಮ ಬೇಕಿತ್ತು? ಸೀಟು ಸಿಕ್ಕಿತ್ತಲ್ಲ. ಹೋಗು ಒಳಗೆ."

"ಮಗೂಗೋಸ್ಕರ ಕಾಲು ಕಳ್ಕೋತೀರಾ ಸಾರ್? ನಾನೇನು ಕೇಳಿದ್ನಾ?"

"ಮಗೂಗೋಸ್ಕರ ಅಂತ ಯಾರಂದ್ರು?" ಅವರು ಗೋಡೆ ಹಿಡಿದು ನಿಧಾನವಾಗಿ ಬೆಂಚಿನ ಮೇಲೆ ಕೂತರು. "ನಂಗೆ ಆ ಡ್ರಮ್ಮಿನೊಳಗೆ ಕೂರಕ್ಕಾಗಲ್ಲ. ಬಾಗಿಲು ಹಾಕ್ದಾಗ ಎದೆ ಒತ್ತತ್ತೆ. ಎಪ್ಪತ್ನಾಲ್ಕು ವರ್ಷದ ಗಂಡಸು, ಹೆದರಿಕೆ ಅಂತ ಹೇಳಕ್ಕಾಗತ್ತಾ? ಮಗೂಗೆ ಸಿಗ್ಲಿ ಅಂದ್ಕೊಂಡ್ರೆ ನಂಗೂ ಒಂದು ನೆಪ. ಬೆಂಚು ತಂಪಾಗಿತ್ತು. ಎಂಟು ದಿನ ನೆಮ್ಮದಿಯಾಗಿದ್ದೆ."

ಒಳಗಿನಿಂದ ಒಬ್ಬರು, "ಏನ್ರಪ್ಪ, ಹೊರಡೋದೋ ಇಲ್ವೋ?" ಎಂದು ಕೂಗಿದರು, ನಿಂತ ಬಸ್ಸಿನಲ್ಲಿ ಕೂತವರ ಹಾಗೆ.

"ಮೊದಲೇ ಹೇಳೋದಲ್ವಾ ಸಾರ್" ಎಂದ ನಂದಕುಮಾರ್ ಮೆಲ್ಲಗೆ. "ನಾನೇ ಜೊತೆಗೆ ಒಳಗೆ ಬರ್ತೀನಿ. ಪಕ್ಕದಲ್ಲೇ ಸ್ಟೂಲ್ ಹಾಕ್ಕೊಂಡು ಕೂರ್ತೀನಿ. ಹೊರಗಡೆ ಯಂತ್ರಕ್ಕೆ ಇನ್ನೊಬ್ಬರಿದ್ದಾರೆ."

"ಏಳಿ" ಎಂದರು ಪಂಕಜಾ. ದನಿ ಎತ್ತರಿಸಲಿಲ್ಲ. "ನಲವತ್ತೆಂಟು ವರ್ಷ ನಿಮ್ಮ ಜೊತೆ ಒಂದೇ ಮನೇಲಿ ಬಾಗಿಲು ಹಾಕ್ಕೊಂಡಿದೀನಿ ನಾನು. ಎರಡು ಗಂಟೆ ಏನಾಗಲ್ಲ. ಏಳಿ."

ಜಯಸಿಂಹ ಎದ್ದರು. ಉಮಾಳ ಮುಂದೆ ಹಾದುಹೋಗುವಾಗ ಅವಳ ಕಡೆಗಾಗಲಿ ಮಗುವಿನ ಕಡೆಗಾಗಲಿ ನೋಡಲಿಲ್ಲ. ನಂದಕುಮಾರ್ ಅವರ ತೋಳು ಹಿಡಿದು ಒಳಗೆ ಕರೆದೊಯ್ದ. ದಪ್ಪ ಬಾಗಿಲು ಮುಚ್ಚಿತು. ಗಾಳಿ ತುಂಬುವ ಸದ್ದು ಶುರುವಾಯಿತು.

ಇಬ್ಬರು ಹೆಂಗಸರು ಬೆಂಚಿನ ಮೇಲೆ ಉಳಿದರು. ಪಂಕಜಾ ಕೇಳಿದರು. "ನಿಮಗೆ ಯಾವಾಗಿಂದ ಗೊತ್ತಿತ್ತು?"

"ಮೂರನೇ ದಿನದಿಂದ."

"ಅಂದ್ರೆ ಐದು ದಿನ."

"ಹೂಂ ಆಂಟಿ. ಐದು ದಿನ ಸುಮ್ಮನಿದ್ದೆ."

ಪಂಕಜಾ ಸ್ವಲ್ಪ ಸರಿದು ಕೂತರು. ಮಗುವಿನ ಕಾಲು ಚಾಚಲು ಜಾಗ ಬಿಟ್ಟಿದ್ದೋ, ದೂರ ಸರಿದದ್ದೋ ಉಮಾಳಿಗೆ ತಿಳಿಯಲಿಲ್ಲ. ತಿಳಿದುಕೊಳ್ಳುವ ಚೈತನ್ಯವೂ ಇರಲಿಲ್ಲ.

ಫೋನು ಗುಯ್‌ಗುಟ್ಟಿತು. ಗಿರಣಿಯ ಸದ್ದಿನ ನಡುವೆ ಕರಿಬಸವಯ್ಯ ಕೂಗುತ್ತಿದ್ದ. "ಏನೇ, ಸುಮ್ನೆ ರಿಂಗ್ ಕೊಟ್ಟು ನೋಡ್ದೆ, ಫೋನ್ ತೆಗ್ದೇಬಿಟ್ಟೆ. ಒಳಗೆ ಹೋಗ್ಲಿಲ್ವಾ?"

"ಇಲ್ಲ. ಇವತ್ತು ಸೀಟು ತುಂಬಿತ್ತು."

ಸದ್ದು ನಿಂತಿತು. ಅವನು ಬೆಲ್ಟು ನಿಲ್ಲಿಸಿದ್ದ. "ಎಂಟಾಗಿತ್ತಲ್ಲೇ."

"ಆಗಿತ್ತು."

"ಮತ್ತೆ ಒಂದರಿಂದಾನಾ?"

"ಒಂದರಿಂದಾನೇ. ನಾಳೆ ಎಷ್ಟು ಜನ ಬರ್ತಾರೋ ನೋಡ್ಬೇಕು."

"ಬಿಸ್ಲಿದೆ. ಆಟೋದಲ್ಲಿ ಬಾ" ಎಂದ ಅವನು. ತುಸು ತಡೆದು, "ಇಲ್ಲಾಂದ್ರೆ ಅಲ್ಲೇ ಇರು, ನಾನೇ ಬರ್ತೀನಿ" ಎಂದ.

"ಬೇಡ. ಜನ ಕಾಯ್ತಿರ್ತಾರೆ ಗಿರಣಿ ಹತ್ರ. ಬಸ್ಸಲ್ಲೇ ಬರ್ತೀನಿ."

ಉಮಾ ಕಾಟನ್ ಫ್ರಾಕು ಬಿಚ್ಚಿ ಮಡಿಸಿದಳು. ಮಗುವಿಗೆ ಬೆಳಗಿನ ಬಟ್ಟೆ ತೊಡಿಸಲು ಸೆಟೆದ ಕೈಯನ್ನು ತೋಳಿನೊಳಗೆ ತೂರಿಸುವುದು ಒಬ್ಬಳಿಗೆ ಯಾವಾಗಲೂ ಕಷ್ಟ. ಎರಡು ಸಲ ಪ್ರಯತ್ನಿಸಿದಳು. ಮೂರನೆಯ ಸಲ ಪಂಕಜಾ ಬಟ್ಟೆಯ ತೋಳಿನ ತುದಿಯಿಂದ ಬೆರಳು ತೂರಿಸಿ, ಮಗುವಿನ ಮುಷ್ಟಿಯನ್ನು ಹುಡುಕಿ, ಹೊರಗೆ ಎಳೆದುಕೊಂಡರು.